ಒಬ್ಬ ಮಗ, ಹಲವು ಮಕ್ಕಳು

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯ ಬಾಗಿಲು ತಟ್ಟುವವರು ಹೆಚ್ಚುತ್ತಾರೆ. ಮಗನಿಗೆ ಇಂಥದೇ ಕಾಲೇಜಿನಲ್ಲಿ ಸೀಟು ಬೇಕು, ಮಗಳಿಗೆ ನಾಲ್ಕು ಅಂಕ ಕಡಿಮೆ ಬಿದ್ದಿದೆ, 'ಅಲ್ಲಿ ನಿಮಗೆ ಯಾರಾದರೂ ಗೊತ್ತೇ ಸಾರ್?' ಬಂದವರು ಕೆಟ್ಟವರಲ್ಲ. ಮಕ್ಕಳ ಮೇಲಿನ ಅಕ್ಕರೆಯೇ ಅವರನ್ನು ಹೀಗೆ ಅಲೆಸುತ್ತದೆ. ನಾನೇ ಒಮ್ಮೆ ನನ್ನ ಮಗನ ಸಲುವಾಗಿ ಒಬ್ಬ ದೊಡ್ಡವರ ಜಗಲಿಯ ಮೇಲೆ ಒಂದು ತಾಸು ಕಾದು ಕುಳಿತಿದ್ದೆ. ಅವರು ಹೊರಗೆ ಬರುವ ಮೊದಲೇ ಎದ್ದು ಬಂದುಬಿಟ್ಟೆ. ಧೈರ್ಯದಿಂದಲ್ಲ, ಸಂಕೋಚದಿಂದ.

ಆಗೆಲ್ಲ ನನಗೆ ಮಡಿಕೇರಿಯ ಒಬ್ಬ ತಂದೆಯ ನೆನಪಾಗುತ್ತದೆ. ಅವರು ಯಾರ ಜಗಲಿಯನ್ನೂ ಹತ್ತಲಿಲ್ಲ. ವಶೀಲಿ ತಾನಾಗಿಯೇ ಅವರ ಮನೆ ಬಾಗಿಲಿಗೆ ಬಂದಿತ್ತು. ಅದೂ ಒಂದು ದೇಶದ ಅಧ್ಯಕ್ಷರಿಂದ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಸಾಮಾನ್ಯಜ್ಞಾನದ ಪ್ರಶ್ನೆಯಾಗಿ ಗೊತ್ತು. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕ ಯಾರು? ಉತ್ತರ ಬರೆದರೆ ಒಂದು ಅಂಕ, ಅಲ್ಲಿಗೆ ಮುಗಿಯಿತು. ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಓದಿದ ಹುಡುಗ 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ ಸೇನಾಧಿಕಾರಿಯಾದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933ರಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಇರಾನ್, ಬರ್ಮಾಗಳನ್ನು ಕಂಡರು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಆ ದಿನವೇ ನಮಗೆ ಸೇನಾ ದಿನ. ಇವೆಲ್ಲ ಪುಸ್ತಕದಲ್ಲಿ ಸಿಗುವ ಮಾತು.

ಮನೆಯ ಮಾತು ಬೇರೆ. 1937ರಲ್ಲಿ ಮದುವೆಯಾದರು. ಒಬ್ಬ ಮಗ, ಒಬ್ಬಳು ಮಗಳು. ಸಂಸಾರ ಸುಸೂತ್ರವಾಗಿ ನಡೆಯಲಿಲ್ಲ. 1945ರ ಹೊತ್ತಿಗೆ ಗಂಡ ಹೆಂಡತಿ ಬೇರೆಯಾಗಿದ್ದರು. ಮೂರು ವರ್ಷಗಳ ಅನಂತರ ಆಕೆ ಅಪಘಾತವೊಂದರಲ್ಲಿ ತೀರಿಕೊಂಡರು. ಆಗ ಮಗನಿಗೆ ಹತ್ತು ವರ್ಷ, ಮಗಳಿಗೆ ಐದು. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಪಶ್ಚಿಮ ವಿಭಾಗದ ಸೇನೆಯ ಹೊಣೆ ಈ ತಂದೆಯ ಹೆಗಲ ಮೇಲಿತ್ತು. ಹಗಲೆಲ್ಲ ಯುದ್ಧದ ನಕ್ಷೆ ನೋಡಿ, ರಾತ್ರಿ ತಾಯಿಯಿಲ್ಲದ ಮಕ್ಕಳ ಚಿಂತೆ ಮಾಡುವ ಗಂಡಸಿನ ಪಾಡನ್ನು ಯಾವ ಪಠ್ಯಪುಸ್ತಕವೂ ಬರೆಯುವುದಿಲ್ಲ.

ಮಗ ನಂದಾ ವಾಯುಪಡೆ ಸೇರಿದರು. 1965ರ ಯುದ್ಧದ ಕೊನೆಯ ದಿನಗಳು. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ಗಂಟೆಗಳಿರುವಾಗ, ಅವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿಬಂದ ಗುಂಡು ತಗುಲಿತು. ಹೊರಗೆ ಚಿಮ್ಮಿ ಜೀವ ಉಳಿಸಿಕೊಂಡರು, ಆದರೆ ಬೆನ್ನುಮೂಳೆಗೆ ಪೆಟ್ಟು. ಬಿದ್ದದ್ದು ಗಡಿಯ ಆಚೆ, ಶತ್ರುಗಳ ಕೈಗೆ.

ಯಾರ ಮಗನೆಂದು ತಿಳಿಯುವುದು ತಡವಾಗಲಿಲ್ಲ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ವಾಯವ್ಯ ಗಡಿನಾಡಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದವರು. ಹಳೆಯ ಮೇಲಧಿಕಾರಿಯ ಮೇಲೆ ಅವರಿಗೆ ಗೌರವವಿತ್ತು. ದಿಲ್ಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಸಂದೇಶ ಕಳಿಸಿದರು: ಹುಡುಗ ಕ್ಷೇಮವಾಗಿದ್ದಾನೆ, ತಾವು ಬಯಸಿದರೆ ಬಿಟ್ಟುಬಿಡುತ್ತೇವೆ.

ಪಾಲಕರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಹೌದು ಎಂದಿದ್ದರೆ ಯಾರು ದೂರುತ್ತಿದ್ದರು? ಅವರಾಗ ನಿವೃತ್ತರು. ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಇದ್ದವನೊಬ್ಬನೇ ಮಗ, ಅವನಿಗೆ ತಾಯಿಯಿಲ್ಲ. ನಾನಾಗಿದ್ದರೆ ಹೌದು ಎಂದೇ ಹೇಳುತ್ತಿದ್ದೆ, ಸುಳ್ಳೇಕೆ?

ಕಾರ್ಯಪ್ಪನವರು ಬೇಡವೆಂದರು. ಅಲ್ಲಿರುವ ಕೈದಿಗಳೆಲ್ಲ ತಮಗೆ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಹೋಯಿತು. ಇದನ್ನು ಕಲ್ಲೆದೆ ಎನ್ನುವವರನ್ನು ನಾನು ಕಂಡಿದ್ದೇನೆ. ನನಗೆ ಹಾಗನಿಸುವುದಿಲ್ಲ. ಅವರು ತಮ್ಮ ಹೆಸರಿನ ಬಲವನ್ನು ಬಳಸದೆ ಬಿಡಲಿಲ್ಲ. ಬಳಸಿದರು, ಎಲ್ಲರಿಗೂ ಸೇರಿಸಿ ಬಳಸಿದರು. ಅದೇ ಸೆರೆಯಲ್ಲಿದ್ದ ಯಾವುದೋ ಹಳ್ಳಿಯ ಹುಡುಗನ ಅಪ್ಪನಿಗೆ ಅಯೂಬ್ ಖಾನರ ಪರಿಚಯ ಎಲ್ಲಿಂದ ಬರಬೇಕು?

ನಂದಾ ಅವರನ್ನು ನೋಡಲು ಅಯೂಬರ ಪತ್ನಿ ಮತ್ತು ಹಿರಿಯ ಮಗ ಬಂದಿದ್ದರು. ಒಂದಷ್ಟು ಸಿಗರೇಟು, ಓದಲು ಒಂದು ವುಡ್‌ಹೌಸ್ ಕಾದಂಬರಿ ತಂದುಕೊಟ್ಟರಂತೆ. ಯುದ್ಧದ ನಡುವೆಯೂ ಮನುಷ್ಯರು ಮನುಷ್ಯರಾಗಿಯೇ ಉಳಿಯುವುದುಂಟು. ಬಿಡುಗಡೆಯಾದದ್ದು 1966ರ ಜನವರಿ 22ಕ್ಕೆ, ಸರಿಯಾಗಿ ನಾಲ್ಕು ತಿಂಗಳಿಗೆ. ಮುಂದೆ ಅವರು ಏರ್ ಮಾರ್ಷಲ್ ಆಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ನಾಲ್ಕು ತಿಂಗಳು ತಂದೆಗೆ ಹೇಗೆ ಕಳೆದವೋ! ಅದನ್ನವರು ಊರ ಮುಂದೆ ಹೇಳಿಕೊಂಡು ತಿರುಗಿದವರಲ್ಲ.

ಎಲ್ಲರೂ ನನ್ನ ಮಕ್ಕಳು ಎಂದದ್ದು ಆ ಹೊತ್ತಿನ ಬಾಯಿಮಾತಾಗಿರಲಿಲ್ಲ. ಸೇನೆಯ ಜವಾನನ ಕಷ್ಟ ನಿಮಗೆ ಗೊತ್ತಿರಲಿ. ನಮ್ಮಂತೆ ಅವನು ಐವತ್ತೆಂಟು ಅರವತ್ತಕ್ಕೆ ನಿವೃತ್ತನಾಗುವುದಿಲ್ಲ. ಮೂವತ್ತೈದು ನಲವತ್ತರೊಳಗೇ ಟ್ರಂಕು ಹೊತ್ತು ಊರಿಗೆ ಮರಳುತ್ತಾನೆ. ಮಕ್ಕಳು ಇನ್ನೂ ಪ್ರೈಮರಿ ಶಾಲೆಯಲ್ಲಿರುತ್ತಾರೆ. ಬಂದೂಕು ಹಿಡಿದ ಕೈಗೆ ಊರಿನಲ್ಲಿ ಯಾವ ಕೆಲಸ? ಹೊಲ ಅಣ್ಣತಮ್ಮಂದಿರ ಪಾಲಾಗಿರುತ್ತದೆ. ಇಂಥವರ ಪರವಾಗಿ ಮಾತನಾಡಲು 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘವೊಂದನ್ನು ಕಟ್ಟಿದವರು ಕಾರ್ಯಪ್ಪನವರು. 1965ರಲ್ಲೂ 1971ರಲ್ಲೂ ವಯಸ್ಸು ಲೆಕ್ಕಿಸದೆ ಗಡಿಗೆ ಹೋಗಿ ಸೈನಿಕರ ನಡುವೆ ನಿಂತು ಬಂದರು. ಅವರ ಎಲ್ಲ ಹೆಜ್ಜೆಯೂ ಸರಿಯಾಗಿತ್ತೆಂದಲ್ಲ. 1971ರಲ್ಲಿ ಮುಂಬಯಿಯಲ್ಲಿ ಲೋಕಸಭೆಗೆ ನಿಂತು ಸೋತರು. ರಾಜಕೀಯ ಅವರ ಕಾಲಿಗೆ ಹೊಂದುವ ಬೂಟಾಗಿರಲಿಲ್ಲ.

ಬೂಟಿನ ಮಾತು ಬಂದದ್ದರಿಂದ ಇನ್ನೊಂದು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು, ನಿವೃತ್ತರಾಗಿ ಮೂವತ್ತಮೂರು ವರ್ಷಗಳ ಮೇಲೆ. ರಾಷ್ಟ್ರಪತಿ ಭವನದ ಸಮಾರಂಭದ ದಿನ ಎಂಬತ್ತೈದು ದಾಟಿದ ಅಜ್ಜನ ಬಲಗಾಲಿನ ಬೆರಳು ನೋಯುತ್ತಿತ್ತು. ಮೆತ್ತನೆಯ ಪಾದರಕ್ಷೆ ಹಾಕಿಕೊಳ್ಳಿ ಎಂದು ಮನೆಯವರು ಹೇಳಿದರು. ಕೇಳಲಿಲ್ಲ. ಊರುಗೋಲಾದರೂ ಇರಲಿ ಎಂದರು. ಅದೂ ಬೇಡ. ಎಂದಿನ ಗಟ್ಟಿ ಬೂಟು ತೊಟ್ಟೇ ನಡೆದು ಹೋದರು.

1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ. ದೇಶದ ಇನ್ನೊಬ್ಬ ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಅಲ್ಲಿಗೆ ಬಂದಿದ್ದರು. ಊರಿನ ಸರ್ಕಾರಿ ಕಾಲೇಜಿಗೆ ಈಗ ಅವರದೇ ಹೆಸರು. ಜೂನ್ ಬಂದರೆ ಅಲ್ಲಿಯೂ ಅರ್ಜಿ ಹಿಡಿದು ಸಾಲು ನಿಲ್ಲುತ್ತಾರೆ.