ಆಟದ ಹಾಸಿನ ಮೇಲೆ ಸ್ವೀಡನ್ನಿನ ಮಹನೀಯರು

ಚದುರಂಗದ ರಾಜನಿಗೆ ಹೆಸರಿಲ್ಲ. ಅವನ ಮಂತ್ರಿಗೂ ಇಲ್ಲ. ಆನೆ ಕುದುರೆಗಳ ಮೇಲೆ ಕುಳಿತವರು ಯಾರೆಂದು ನಮ್ಮ ಹಿರಿಯರು ಕೇಳಿದವರಲ್ಲ. ಮಣೆಯ ಮೇಲೆ ಬಿದ್ದ ಕಾಲಾಳು ಯಾವ ಊರಿನವನೆಂಬ ಚಿಂತೆ ಆಡುವವನನ್ನು ಬಾಧಿಸಲಿಲ್ಲ. ಹೆಸರೇ ಇಲ್ಲದ ಮೇಲೆ ಆ ಆಟದಿಂದ ಯಾರಿಗೂ ಅನ್ಯಾಯವಾಗಲಿಲ್ಲವೆನ್ನಬೇಕು. ಇಂದು ಗಣಕಯಂತ್ರದ ತೆರೆಯ ಮೇಲೆ ನಡೆಯುವ ಹೊಸ ಚದುರಂಗದ ರೀತಿಯೇ ಬೇರೆ. ಅದಕ್ಕೆ ಹೆಸರು ಬೇಕು, ನಾಡು ಬೇಕು, ಚರಿತ್ರೆಯ ಸಾಕ್ಷ್ಯ ಬೇಕು. 1991ರಲ್ಲಿ ಮೊದಲು ಹೊರಬಂದ ‘ಸಿವಿಲೈಜೇಷನ್’ ಎಂಬ ಆಟವನ್ನು ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಆಡುವವನು ಒಂದು ಜನಾಂಗದ ಮುಂದಾಳು. ಪ್ರಾಚೀನ ಕಾಲದಲ್ಲಿ ಎಲ್ಲೋ ಒಂದು ಊರನ್ನು ನೆಲೆಗೊಳಿಸಿ, ಯುಗಗಳನ್ನು ದಾಟಿ, ಆಕಾಶನೌಕೆಯನ್ನು ಹಾರಿಸುವವರೆಗೆ ಅವನ ಪಯಣ. ನಡುನಡುವೆ ಅವನ ನಾಡಿನಲ್ಲಿ ಮಹನೀಯರು ಹುಟ್ಟುತ್ತಾರೆ: ದಂಡನಾಯಕ, ವಿಜ್ಞಾನಿ, ಯಂತ್ರಶಿಲ್ಪಿ, ವರ್ತಕ, ಪ್ರವಾದಿ, ಲೇಖಕ ಎಂದು ಒಬ್ಬೊಬ್ಬರಿಗೂ ಒಂದೊಂದು ಅಂಕಣ. ಅಂಕಣದ ಹೊರಗೆ ಮಹತ್ತಿಲ್ಲ.

ಇಂತಹ ಆಟವೊಂದಕ್ಕೆ ಸ್ವೀಡನ್ ದೇಶದ ಮಹನೀಯರ ಪಟ್ಟಿಯನ್ನು ಮಾಡಬೇಕಾಗಿದೆ, ಯಾರು ಯಾರನ್ನು ಸೇರಿಸಲಿ ಎಂದು ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದ. ಪ್ರಶ್ನೆ ವಿನೋದದ್ದು, ಆದರೆ ವಿನೋದದಲ್ಲಿಯೇ ಮುಗಿಯುವಂಥದಲ್ಲ. ಒಂದು ನಾಡಿನ ಚರಿತ್ರೆಯನ್ನು ಎಂದೂ ಓದದ ಲಕ್ಷಾಂತರ ಜನಕ್ಕೆ ಆ ನಾಡೆಂದರೆ ಇಂತಹ ಹತ್ತು ಹೆಸರುಗಳೇ. ನಮ್ಮ ಪಠ್ಯಪುಸ್ತಕಗಳಿಗಿಂತ ಹೆಚ್ಚು ಹೊತ್ತು ಇವು ಹುಡುಗರ ಕಣ್ಣೆದುರಿಗಿರುತ್ತವೆ.

ಈವರೆಗೆ ಆಟಗಾರರು ಮಾಡಿರುವ ಆಯ್ಕೆಯನ್ನು ನೋಡೋಣ. ಈ ಆಟದ ಐದನೆಯ ಆವೃತ್ತಿಗೆ ಸ್ವೀಡನ್ ಬಂದು ಸೇರಿದ್ದು 2012ರಲ್ಲಿ. ಅದರ ನಾಯಕನಾಗಿ ಕೂಡಿಸಿದ್ದು ಎರಡನೆಯ ಗುಸ್ತಾವ್ ಅಡಾಲ್ಫನನ್ನು. 1611ರಲ್ಲಿ ಪಟ್ಟಕ್ಕೆ ಬಂದು, 1632ರಲ್ಲಿ ಲ್ಯೂಟ್ಸೆನ್ನಿನ ರಣರಂಗದಲ್ಲಿ ಮಡಿದ ದೊರೆ. ಅವನ ನಾಡಿಗೆ ಆಟದವರು ಕೊಟ್ಟ ವಿಶೇಷ ಗುಣದ ಹೆಸರು ‘ನೊಬೆಲ್ ಬಹುಮಾನ’! ದೊರೆ ಸತ್ತು 269 ವರ್ಷಗಳಾದ ಮೇಲೆ, 1901ರಲ್ಲಿ, ಮೊದಲ ಬಾರಿಗೆ ಹಂಚಲಾದ ಬಹುಮಾನವದು. ಅವನ ಕೈಕೆಳಗಿಟ್ಟ ‘ಕಾರೊಲಿಯನ್’ ಸೈನಿಕರೂ ಅವನ ಕಾಲದವರಲ್ಲ, ಮುಂದಿನ ಕಾರ್ಲ್ ದೊರೆಗಳ ಕಾಲದವರು. ಇನ್ನೊಂದು ವಿಶೇಷ ದಳ ‘ಹಕ್ಕಪೆಲೀತ್ತ’ ಎಂಬ ಕುದುರೆ ಸವಾರರದು, ಅವರು ಫಿನ್ಲೆಂಡಿನವರು. 1809ರವರೆಗೆ ಫಿನ್ಲೆಂಡು ಸ್ವೀಡನ್ನಿನ ಭಾಗವಾಗಿದ್ದುದರಿಂದ ಇದನ್ನು ತಪ್ಪೆನ್ನಲಾಗದು. ಆದರೆ ಸತ್ತವರು ಫಿನ್ನರು, ಕೀರ್ತಿ ಸ್ವೀಡನ್ನಿಗೆ ಎಂಬುದನ್ನು ಮರೆಯಲೂ ಆಗದು. 2019ರಲ್ಲಿ ಆರನೆಯ ಆವೃತ್ತಿಗೆ ಅದೇ ದೊರೆಯ ಮಗಳು ಕ್ರಿಸ್ಟೀನಾ ನಾಯಕಿಯಾಗಿ ಬಂದಳು. ಅವಳಿಗೆ ಕೊಟ್ಟ ಹೆಗ್ಗುರುತು ಒಂದು ಗ್ರಂಥಾಲಯ. ಕತ್ತಿ ಹೋಗಿ ಪುಸ್ತಕ ಬಂತಲ್ಲ ಎಂದು ನಾವು ಸಂತೋಷಪಡುವಷ್ಟರಲ್ಲಿ ಚರಿತ್ರೆ ಅಡ್ಡ ಬರುತ್ತದೆ. ಆ ರಾಣಿಯ ಅಮೂಲ್ಯ ಗ್ರಂಥ ಚಿತ್ರಗಳಲ್ಲಿ ಬಹುಪಾಲು 1648ರಲ್ಲಿ ಸ್ವೀಡನ್ನಿನ ಸೇನೆ ಪ್ರಾಗ್ ನಗರದಲ್ಲಿ ಸೂರೆಮಾಡಿ ತಂದದ್ದು. ಅಲ್ಲಿಂದ ಬಂದ ‘ಕೋಡೆಕ್ಸ್ ಗಿಗಾಸ್’ ಎಂಬ ದೈತ್ಯಾಕಾರದ ಹಸ್ತಪ್ರತಿ ಇಂದಿಗೂ ಸ್ಟಾಕ್‌ಹೋಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ರಾಣಿಯಾದರೋ 1654ರಲ್ಲಿ ಕಿರೀಟವನ್ನು ತೊರೆದು, ಮತಾಂತರಗೊಂಡು, ರೋಮ್ ನಗರಕ್ಕೆ ಹೊರಟುಹೋದಳು. ಅವಳಿಗೆ ಪಾಠ ಹೇಳಲು ಬಂದ ಡೇಕಾರ್ಟ್ 1650ರ ಫೆಬ್ರವರಿಯ ಚಳಿಯಲ್ಲಿ ಸ್ಟಾಕ್‌ಹೋಮಿನಲ್ಲಿಯೇ ತೀರಿಕೊಂಡಿದ್ದ.

ದಂಡನಾಯಕರ ಅಂಕಣಕ್ಕೆ ಎಲ್ಲರ ಬಾಯಲ್ಲಿಯೂ ಮೊದಲು ಬರುವ ಹೆಸರು ಹನ್ನೆರಡನೆಯ ಕಾರ್ಲ್. ಹದಿನೈದನೆಯ ವಯಸ್ಸಿಗೆ ದೊರೆಯಾದ; 1700ರಲ್ಲಿ ನಾರ್ವಾದಲ್ಲಿ ರಷ್ಯದ ದೊಡ್ಡ ಸೇನೆಯನ್ನು ಹಿಮದ ಬಿರುಗಾಳಿಯ ನಡುವೆ ಮುರಿದ; 1709ರಲ್ಲಿ ಪೊಲ್ಟಾವದಲ್ಲಿ ತನ್ನ ಸೇನೆಯನ್ನೆಲ್ಲ ಕಳೆದುಕೊಂಡು ತುರ್ಕರ ಆಶ್ರಯದಲ್ಲಿ ಐದು ವರ್ಷ ಕುಳಿತ; 1718ರಲ್ಲಿ ನಾರ್ವೆಯ ಕೋಟೆಯೊಂದರ ಮುಂದೆ ಗುಂಡು ತಗುಲಿ ಸತ್ತ. ಯುದ್ಧಕ್ಕೆಂದು ಹೊರಟ ಮೇಲೆ ತನ್ನ ರಾಜಧಾನಿಯನ್ನು ಅವನು ಮತ್ತೆ ಕಣ್ಣಿನಿಂದ ಕಾಣಲಿಲ್ಲ. ವೊಲ್ಟೇರ್ ಅವನ ಚರಿತ್ರೆಯನ್ನು ಬರೆದ. ಕಥೆಯಾಗಿ ಅದು ರಮ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ರಮ್ಯತೆಗೆ ತೆತ್ತ ಬೆಲೆಯ ಮಾತನ್ನು ಸ್ವೀಡನ್ನಿನವರೇ ಎತ್ತಿದ್ದಾರೆ. 1910ರಲ್ಲಿ ನಾಟಕಕಾರ ಸ್ಟ್ರಿಂಡ್‌ಬರ್ಗ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಕಾರ್ಲ್ ದೊರೆಯ ಆರಾಧನೆಯನ್ನು ಫೇರೋ ಪೂಜೆಯೆಂದು ಜರೆದ. ಆ ದೊರೆಯ ಸೈನಿಕರನ್ನು ಕುರಿತು ಕಥೆಗಳನ್ನು ಬರೆದು ಪ್ರಸಿದ್ಧನಾಗಿದ್ದ ಹೈಡೆನ್‌ಸ್ಟಾಮನೂ ಆ ಏಟಿಗೆ ಸಿಕ್ಕಿದ. ತಿಂಗಳುಗಟ್ಟಲೆ ದೇಶವೇ ಎರಡು ಪಾಳೆಯವಾಗಿ ಕಾದಾಡಿತು. ಹೈಡೆನ್‌ಸ್ಟಾಮನಿಗೆ 1916ರಲ್ಲಿ ನೊಬೆಲ್ ಬಹುಮಾನ ಬಂತು. ಸ್ಟ್ರಿಂಡ್‌ಬರ್ಗನಿಗೆ ಎಂದೂ ಬರಲಿಲ್ಲ. ನನ್ನ ಮತ ಸ್ಟ್ರಿಂಡ್‌ಬರ್ಗನ ಕಡೆಗೆ. ಲೇಖಕರ ಅಂಕಣದಲ್ಲಿ ಅವನನ್ನು ಕೂಡಿಸಿ ದಂಡನಾಯಕರ ಅಂಕಣದಲ್ಲಿ ಕಾರ್ಲನನ್ನು ಕೂಡಿಸುವ ಪಟ್ಟಿ ಅವನ ಲೇಖನವನ್ನು ಓದಿಲ್ಲವೆಂದೇ ತಿಳಿಯಬೇಕು.

ಹಾಗಾದರೆ ಯಾರನ್ನು ಆರಿಸಬೇಕು? ಇಲ್ಲಿ ನನ್ನದೊಂದು ಹಟವಿದೆ. ಯುದ್ಧ ಎಲ್ಲ ದೇಶಗಳೂ ಮಾಡಿದ ಕೆಲಸ. ಸ್ವೀಡನ್ ತಾನೇ ಮೊದಲಾಗಿ, ಉಳಿದವರಿಗಿಂತ ಚೆನ್ನಾಗಿ ಮಾಡಿದ ಕೆಲಸ ಬೇರೊಂದಿದೆ: ಲೆಕ್ಕವಿಡುವುದು. ಇದು ನೀರಸವಾಗಿ ಕೇಳಿಸಬಹುದು. ಓದುಗರು ಸ್ವಲ್ಪ ತಾಳಬೇಕು.

ಗುಸ್ತಾವ್ ಅಡಾಲ್ಫ್ ಗೆದ್ದನೆಂದು ಹೇಳುತ್ತೇವೆ. ಅವನು ಗೆಲ್ಲಲು ಬೇಕಾದ ಆಳು, ಹಣ, ದವಸಗಳನ್ನು ಒದಗಿಸಿದವನು 1612ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮಹಾಮಂತ್ರಿಯಾದ ಆಕ್ಸೆಲ್ ಆಕ್ಸೆನ್‌ಷೆರ್ನ. ದೊರೆ ಸತ್ತಾಗ ಮಗಳಿಗಿನ್ನೂ ಆರು ತುಂಬಿರಲಿಲ್ಲ, ರಾಜ್ಯ ಕುಸಿಯಲಿಲ್ಲ. 1634ರಲ್ಲಿ ಆಡಳಿತದ ಕಟ್ಟಳೆ ಬರಹಕ್ಕಿಳಿಯಿತು. 1636ರಲ್ಲಿ ಅಂಚೆಯ ವ್ಯವಸ್ಥೆ ಬಂತು. ಕಚೇರಿಗಳು ಹುಟ್ಟಿದವು, ಕಡತಗಳು ಬೆಳೆದವು. ಆ ಕಡತಗಳಲ್ಲಿ ಒಂದು ಬಗೆ ಸೈನ್ಯಕ್ಕೆ ಆಳು ಹಿಡಿದ ಪಟ್ಟಿ. ಉತ್ತರದಲ್ಲಿ ಬಿಗ್ಡೆಯೋ ಎಂಬ ಒಂದು ಹಳ್ಳಿಗಾಡಿನ ಪಟ್ಟಿಗಳನ್ನು ಚರಿತ್ರಕಾರರು ಕುಳಿತು ಕೂಡಿ ನೋಡಿದ್ದಾರೆ. 1621ರಿಂದ 1639ರವರೆಗೆ ಅಲ್ಲಿಂದ ಪೋಲೆಂಡು ಜರ್ಮನಿಗಳ ಯುದ್ಧಕ್ಕೆ ಹೋದ ತರುಣರು 230. ಅವರಲ್ಲಿ ಸತ್ತವರು 215. ಬರಬರುತ್ತ ಹಿಡಿಯಲು ದೊಡ್ಡವರು ಸಿಗದೆ ಹುಡುಗರನ್ನೇ ಹಿಡಿದರು. ಆಟದಲ್ಲಿ ದಂಡನಾಯಕನೊಬ್ಬ ಹುಟ್ಟಿದರೆ ಸುತ್ತಲಿನ ಸೈನಿಕರ ಬಲ ಹೆಚ್ಚುತ್ತದೆ, ಅಂಕ ಮೇಲೇರುತ್ತದೆ. ಬಿಗ್ಡೆಯೋ ಎಷ್ಟು ಇಳಿಯಿತೆಂದು ತೋರಿಸುವ ಅಂಕ ಅಲ್ಲಿಲ್ಲ. ಆಕ್ಸೆನ್‌ಷೆರ್ನನ ಗುಮಾಸ್ತರು ಮಾತ್ರ ಅದನ್ನು ಬರೆದಿಟ್ಟರು. ಅವರ ಉದ್ದೇಶ ದಯೆಯಲ್ಲ; ಆದರೂ ಅವರು ಬರೆಯದಿದ್ದರೆ ಆ 215 ಮಂದಿ ಚದುರಂಗದ ಕಾಲಾಳುಗಳಂತೆ ಹೆಸರಿಲ್ಲದೆ ಹೋಗುತ್ತಿದ್ದರು.

ನೂರು ವರ್ಷಗಳ ಮೇಲೆ ಅದೇ ಅಭ್ಯಾಸ ಬೇರೊಂದು ಫಲ ಕೊಟ್ಟಿತು. 1721ರ ವೇಳೆಗೆ ಸಾಮ್ರಾಜ್ಯ ಮುಗಿದಿತ್ತು; ಉಳಿದದ್ದು ಬಡದೇಶ. 1749ರಿಂದ ಪ್ರತಿಯೊಂದು ಊರಿನ ಪಾದ್ರಿಯೂ ಹುಟ್ಟು, ಸಾವು, ಸಾವಿಗೆ ಕಾರಣ, ಇರುವ ಜನ, ಅವರ ವಯಸ್ಸು ಇವನ್ನೆಲ್ಲ ಅಚ್ಚುಹಾಕಿದ ಕೋಷ್ಟಕಗಳಲ್ಲಿ ತುಂಬಿ ಕಳಿಸಬೇಕೆಂದು ಸರಕಾರ ವಿಧಿಸಿತು. ಇಡೀ ದೇಶದ ಜನರನ್ನು ಹೀಗೆ ಎಡೆಬಿಡದೆ ಎಣಿಸಿದ ರಾಜ್ಯ ಅದಕ್ಕೆ ಮೊದಲು ಯೂರೋಪಿನಲ್ಲಿರಲಿಲ್ಲ. ಈ ಕಾರ್ಯದ ಜೀವಾಳವಾಗಿದ್ದವನು ಪೇರ್ ವಾರ್ಗೆಂಟೀನ್. 1749ರಿಂದ 1783ರಲ್ಲಿ ಸಾಯುವವರೆಗೆ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ. ವೃತ್ತಿಯಿಂದ ಖಗೋಳಜ್ಞ, ಗುರುಗ್ರಹದ ಉಪಗ್ರಹಗಳ ಚಲನೆಗೆ ಕೋಷ್ಟಕ ಬರೆದವನು. ಅದೇ ಕೈಯಿಂದ ಮನುಷ್ಯರ ಆಯುಸ್ಸಿಗೂ ಬರೆದ. ಎಣಿಸಿ ನೋಡಿದಾಗ ಜನಸಂಖ್ಯೆ ಆಳುವವರು ನಂಬಿದ್ದಕ್ಕಿಂತ ಎಷ್ಟೋ ಕಡಮೆ. ಶತ್ರುಗಳಿಗೆ ತಿಳಿದೀತೆಂದು ಆ ಸಂಖ್ಯೆಯನ್ನು ಕೆಲವು ಕಾಲ ರಹಸ್ಯವಾಗಿಟ್ಟರು! ಆದರೆ ಕೋಷ್ಟಕ ಮಾತಾಡದೆ ಬಿಡಲಿಲ್ಲ. ಹೆರಿಗೆಯಲ್ಲಿ ಸತ್ತ 651 ಹೆಂಗಸರಲ್ಲಿ, ಸಾಕಷ್ಟು ಸೂಲಗಿತ್ತಿಯರಿದ್ದಿದ್ದರೆ, 400 ಮಂದಿಯಾದರೂ ಉಳಿಯುತ್ತಿದ್ದರೆಂದು 1751ರಲ್ಲಿ ಆರೋಗ್ಯ ಮಂಡಲಿ ಹೇಳಿತು. ಹಳ್ಳಿಹಳ್ಳಿಗೂ ತರಬೇತಾದ ಸೂಲಗಿತ್ತಿಯರನ್ನು ಕಳಿಸುವ ಕೆಲಸ ಬಹುಕಾಲ ಹಿಡಿಯಿತು, ಆದರೆ ನಡೆಯಿತು. ಅದೇ ಅಕಾಡೆಮಿಗೆ 1748ರಲ್ಲಿ ಆಯ್ಕೆಯಾದ ಮೊದಲ ಮಹಿಳೆ ಈವಾ ಎಕೆಬ್ಲಾಡ್. ಆಲೂಗಡ್ಡೆಯಿಂದ ಹಿಟ್ಟು, ಮದ್ಯ ತೆಗೆಯುವ ವಿಧಾನವನ್ನು ತೋರಿಸಿಕೊಟ್ಟವಳು. ಧಾನ್ಯವೆಲ್ಲ ಮದ್ಯದ ಭಟ್ಟಿಗೆ ಹೋಗುತ್ತಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಯಾವ ಅಂಕಣದಲ್ಲಾದರೂ ಇವಳಿಗೊಂದು ಜಾಗ ಸಿಗಬೇಕು.

ಲೆಕ್ಕದ ಮಹಿಮೆಯನ್ನು ಹಾಡುವಾಗ ಲಿನೇಯಸನನ್ನು ಬಿಡುವಂತಿಲ್ಲ. ಜಗತ್ತಿನ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರಿಟ್ಟ ಆ ಉಪ್ಸಾಲದ ಪಂಡಿತನಿಂದಲೇ ನಮ್ಮ ಮಾವು 1753ರಲ್ಲಿ ‘ಮ್ಯಾಂಗಿಫೆರಾ ಇಂಡಿಕಾ’ ಆಯಿತು, ಅಡಕೆ ‘ಅರೆಕಾ ಕಟೆಚು’ ಆಯಿತು. (ಆ ‘ಅರೆಕಾ’ ಬೇರೇನೂ ಅಲ್ಲ, ಮಲೆಯಾಳದ, ನಮ್ಮ ಕರಾವಳಿಯ ‘ಅಡಕೆ’ಯೇ ಪೋರ್ಚುಗೀಸರ ನಾಲಗೆಯ ಮೇಲೆ ಹೊರಳಿದ ರೂಪ.) ಅವನಿಲ್ಲದೆ ಪಟ್ಟಿಯಿಲ್ಲ. ಆದರೆ ಅವನು ಗಿಡಗಳನ್ನು ಮಾತ್ರ ವರ್ಗೀಕರಿಸಿ ಸುಮ್ಮನಾಗಲಿಲ್ಲ. ಮನುಷ್ಯರನ್ನೂ ಖಂಡ ಬಣ್ಣಗಳಿಂದ ನಾಲ್ಕಾಗಿ ವಿಂಗಡಿಸಿ, 1758ರ ಆವೃತ್ತಿಯಲ್ಲಿ ಒಂದೊಂದು ಗುಂಪಿಗೆ ಒಂದೊಂದು ಸ್ವಭಾವವನ್ನು ಅಂಟಿಸಿದ. ಅದೇ ಉಪ್ಸಾಲದಲ್ಲಿ 1922ರಲ್ಲಿ ಸರಕಾರವೇ ಜನಾಂಗ ಜೀವಶಾಸ್ತ್ರದ ಸಂಸ್ಥೆಯೊಂದನ್ನು ತೆರೆದು ಜನರ ತಲೆಬುರುಡೆಗಳನ್ನು ಅಳೆಯಿಸಿತು. 1934ರ ಕಾನೂನಿನಿಂದ ಮೊದಲಾಗಿ 1970ರ ದಶಕದವರೆಗೆ ‘ಅಯೋಗ್ಯ’ರೆಂದು ಬಗೆದವರನ್ನು ಬಲವಂತದಿಂದ ಸಂತಾನಹೀನರನ್ನಾಗಿ ಮಾಡಿದ ಕಥೆಯೂ ಇದೆ. ಸೂಲಗಿತ್ತಿಯನ್ನು ಕಳಿಸಿದ ಕೋಷ್ಟಕ, ಕತ್ತರಿಯನ್ನೂ ಕಳಿಸಬಲ್ಲದು. ವಾರ್ಗೆಂಟೀನನನ್ನು ಸೇರಿಸಿರೆಂದು ಹಟ ಹಿಡಿಯುವ ನಾನು ಇದನ್ನು ಮುಚ್ಚಿಡಲಾರೆ. ಅವನನ್ನು ಬಿಡಲೂ ಒಪ್ಪೆ.

ಸ್ವೀಡನ್ನಿನವರೇ ಮಾಡಿದ ಆಟಗಳಿಲ್ಲವೆ ಎಂದು ಕೇಳಬಹುದು. ಇವೆ. ಸ್ಟಾಕ್‌ಹೋಮಿನ ಸಂಸ್ಥೆಯೊಂದು 2000ದಲ್ಲಿ ‘ಯೂರೋಪಾ ಯೂನಿವರ್ಸಾಲಿಸ್’ ಎಂಬ ಆಟವನ್ನು ಹೊರತಂದಿತು. ಅದರ 2013ರ ನಾಲ್ಕನೆಯ ಆವೃತ್ತಿಯಲ್ಲಿ ಪ್ರತಿಯೊಬ್ಬ ದೊರೆಗೂ ಆಡಳಿತ, ರಾಜತಂತ್ರ, ಸೈನ್ಯ ಎಂಬ ಮೂರು ವಿಷಯಗಳಲ್ಲಿ ಸೊನ್ನೆಯಿಂದ ಆರರವರೆಗೆ ಅಂಕ ಕೊಟ್ಟಿದ್ದಾರೆ. ಅಂಕ ಹಾಕುವುದರಲ್ಲಿ ಪಳಗಿದವರಾದ ನಾವು ಅಧ್ಯಾಪಕರು ಕೂಡ ಇಷ್ಟು ನಿಶ್ಚಿಂತೆಯಿಂದ ಹಾಕಲಾರೆವು. ಆದರೂ ಅಲ್ಲಿ ಆಡಳಿತವೆಂಬುದೊಂದು ವಿಷಯವಾಗಿ ನಿಂತಿದೆಯಲ್ಲ, ಅದು ಸ್ವೀಡನ್ನಿನ ಬುದ್ಧಿಯೆಂದು ನನಗನ್ನಿಸುತ್ತದೆ.

ಲೇಖಕರ ಅಂಕಣದಲ್ಲಿ ನನಗೆ ತೊಡಕಿಲ್ಲ. ಸ್ಟ್ರಿಂಡ್‌ಬರ್ಗನ ಜೊತೆಗೆ ಸೆಲ್ಮಾ ಲಾಗರ್‌ಲೋಫ್ ಇರಲಿ. 1909ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಮಹಿಳೆಯೆಂಬುದಕ್ಕಿಂತ ಹೆಚ್ಚಾಗಿ, ಹೆಬ್ಬಾತಿನ ಬೆನ್ನೇರಿ ದೇಶವನ್ನೆಲ್ಲ ಸುತ್ತುವ ಹುಡುಗನ ಕಥೆಗಾಗಿ. ಉಪಾಧ್ಯಾಯರ ಸಂಘ ಭೂಗೋಳದ ಪಾಠಪುಸ್ತಕ ಬೇಕೆಂದು ಕೇಳಿತ್ತು. ಶಾಲೆಯಲ್ಲಿ ಪಾಠ ಹೇಳಿದ್ದ ಆಕೆ 1906-07ರಲ್ಲಿ ಅದನ್ನು ಕೊಟ್ಟಳು. ದೇಶವನ್ನು ಮೇಲಿನಿಂದ, ಹಾಸಿನಂತೆ ನೋಡಿದ ಪುಸ್ತಕವೇ ಅದು. ಆದರೆ ಅಲ್ಲಿ ಯಾರೂ ಯಾರನ್ನೂ ಗೆಲ್ಲುವುದಿಲ್ಲ.

ಕಡೆಯ ಒಂದು ಹೆಸರಿದೆ. ಉತ್ತರದ ಹಿಮಸಾರಂಗಗಳ ನಾಡು ಸಾಮಿ ಜನರದು; ಸ್ವೀಡನ್ನಿನ ಭೂಪಟದಲ್ಲಿ ಅವರ ನೆಲವಿದೆ, ಮಹನೀಯರ ಪಟ್ಟಿಗಳಲ್ಲಿ ಅವರಿಲ್ಲ. ಉಪ್ಸಾಲದವರು ಅಳೆದ ತಲೆಗಳಲ್ಲಿ ಬಹಳಷ್ಟು ಅವರವೇ. ಅವರಲ್ಲಿ ಹುಟ್ಟಿದ ಎಲ್ಸಾ ಲೌಲಾ 1904ರಲ್ಲಿ ತನ್ನ ಜನರ ಭೂಮಿಯ ಹಕ್ಕನ್ನು ಕುರಿತು ಪುಸ್ತಿಕೆಯನ್ನು ಬರೆದಳು. 1917ರ ಫೆಬ್ರವರಿ 6ರಂದು ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ಎರಡು ದೇಶಗಳ ಸಾಮಿಗಳನ್ನು ಮೊದಲ ಬಾರಿಗೆ ಒಂದೇ ಸಭೆಯಲ್ಲಿ ಸೇರಿಸಿದಳು. ಇಂದು ಸಾಮಿಗಳ ರಾಷ್ಟ್ರೀಯ ದಿನ ಅದೇ ಫೆಬ್ರವರಿ 6. ಆಕೆ ದಂಡನಾಯಕಿಯಲ್ಲ, ವರ್ತಕಳಲ್ಲ, ಪ್ರವಾದಿಯೂ ಅಲ್ಲ, ವೃತ್ತಿಯಿಂದ ಸೂಲಗಿತ್ತಿ.