ದೆವ್ವಕ್ಕೂ ಒಂದು ಲೆಕ್ಕದ ಪುಸ್ತಕ

“ತಾತ, ನಿಮ್ಮ ಮನೇಲಿ ದೆವ್ವಕ್ಕೆ ಒಂದು ರೂಮು ಸಿಗುತ್ತಾ?”

ದಸರಾ ರಜೆಯ ಮೊದಲ ದಿನ ಎದುರುಮನೆ ಹುಡುಗ ಬಂದು ಹೀಗೆ ಕೇಳಿದಾಗ, ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು. ಅವನ ಹಿಂದೆ ನನ್ನ ಮೊಮ್ಮಗ, ಮೊಮ್ಮಗನ ಹಿಂದೆ ಇನ್ನೂ ಮೂವರು. ಎಲ್ಲರೂ ಒಂಬತ್ತನೇ ತರಗತಿ. ರಜೆ ಮುಗಿದ ಮೇಲೆ ಶಾಲೆಯಲ್ಲಿ ಒಂದು ಸ್ಪರ್ಧೆಯಂತೆ. ಇಲ್ಲದ ಸಿನಿಮಾಕ್ಕೆ ಟ್ರೇಲರ್ ಮಾಡಬೇಕು, ಒಂದೂವರೆ ನಿಮಿಷ ಮೀರಬಾರದು. ಇವರು ಆರಿಸಿಕೊಂಡದ್ದು ದೆವ್ವದ ಕಥೆ. ಅದಕ್ಕೆ ನಮ್ಮ ಮನೆಯ ಸಾಮಾನಿನ ಕೋಣೆಯಷ್ಟು ಒಳ್ಳೆಯ ಜಾಗ ಬೀದಿಯಲ್ಲೇ ಇನ್ನೊಂದಿಲ್ಲವಂತೆ. ಇದು ಹೊಗಳಿಕೆಯೋ ಬೈಗುಳವೋ ಎಂದು ನನ್ನ ಮನೆಯಾಕೆ ಇನ್ನೂ ಯೋಚಿಸುತ್ತಿದ್ದಾಳೆ.

ಒಂದು ಷರತ್ತಿನ ಮೇಲೆ ಒಪ್ಪಿದೆ. “ಮೊಬೈಲ್ ಹಿಡಿಯೋ ಮೊದಲು ಎಲ್ಲವನ್ನೂ ಪುಸ್ತಕದಲ್ಲಿ ಬರೀಬೇಕು.” ಜೀವಮಾನವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಇನ್ನೇನು ಹೇಳಿಯಾನು? ಉದ್ದನೆಯ ನೋಟ್‌ಬುಕ್ಕಿನಲ್ಲಿ ಐದು ಕಲಂ ಗೀಚಿಕೊಟ್ಟೆ: ಏನು ಕಾಣಬೇಕು, ಏನು ಕೇಳಬೇಕು, ಎಷ್ಟು ಸೆಕೆಂಡು, ಯಾರು ಬೇಕು, ಯಾವ ಸಾಮಾನು ಬೇಕು.

ಸಂಜೆಗೆ ಬರೆದು ತಂದರು. ಕೂಡಿ ನೋಡಿದೆ. 250 ಸೆಕೆಂಡು, ಏಳು ದೆವ್ವ! “ಇದು ಟ್ರೇಲರ್ ಅಲ್ಲ ಕಣ್ರೋ, ದೆವ್ವಗಳ ಜಾತ್ರೆ” ಎಂದೆ. ಇರುವುದು 90 ಸೆಕೆಂಡು. ಖಾತೆಯಲ್ಲಿ ಇರುವಷ್ಟೇ ಖರ್ಚು ಮಾಡಬೇಕು ತಾನೇ?

ಟ್ರೇಲರ್ ಎಂದರೆ ಹಿಂದೆ ಎಳೆದುಕೊಂಡು ಬರುವಂಥದ್ದು. ಮೊದಮೊದಲು ಅದನ್ನು ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರು, ಅದಕ್ಕೇ ಆ ಹೆಸರು. ಜನ ಎದ್ದು ಹೋಗುತ್ತಾರೆಂದು ಮುಂದಕ್ಕೆ ತಂದರು, ಹೆಸರು ಮಾತ್ರ ಹಾಗೇ ಉಳಿಯಿತು. ಅದರ ಕೆಲಸ ಕಥೆ ಹೇಳುವುದಲ್ಲ, ಆಸೆ ಹುಟ್ಟಿಸಿ ಬಾಯಿ ಮುಚ್ಚಿಕೊಳ್ಳುವುದು. 1960ರ ‘ಸೈಕೋ’ ಚಿತ್ರದ ಟ್ರೇಲರಿನಲ್ಲಿ ನಿರ್ದೇಶಕ ಹಿಚ್‌ಕಾಕ್ ತಾನೇ ಬಂದು, ಮನೆ ತೋರಿಸುವ ದಲ್ಲಾಳಿಯ ಹಾಗೆ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಕೋಣೆ ಕೋಣೆ ಸುತ್ತಿಸುತ್ತಾನೆ. ಇಲ್ಲೇನೋ ನಡೆಯಿತು ಎನ್ನುತ್ತಾನೆ, ಏನೆಂದು ಪೂರ್ತಿ ಹೇಳುವುದಿಲ್ಲ. 1975ರ ‘ಜಾಸ್’ ಚಿತ್ರಕ್ಕೆ ಮಾಡಿಸಿದ್ದ ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟು ನಿಂತಿತು. ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಕಡಿಮೆ ತೋರಿಸಿ, ನೀರನ್ನೂ ಸಂಗೀತವನ್ನೂ ಮುಂದಿಟ್ಟ. ಕಾಣದ ಮೀನಿಗೇ ಜನ ಹೆಚ್ಚು ಹೆದರಿದರು. ನಮ್ಮ ಕಾಲದ ಅಜ್ಜ ಅಜ್ಜಿಯರಿಗೆ 1979ರ ‘ನಾ ನಿನ್ನ ಬಿಡಲಾರೆ’ ನೆನಪಿರಬೇಕು, ಅನಂತನಾಗ್ ಮತ್ತು ಲಕ್ಷ್ಮಿ ಇದ್ದದ್ದು. ನನ್ನ ಮನೆಯಾಕೆ ಅಂದು ಟಾಕೀಸಿನಲ್ಲಿ ಹಿಡಿದ ನನ್ನ ಕೈಯನ್ನು ಮನೆ ಬಾಗಿಲಿಗೆ ಬಂದ ಮೇಲೇ ಬಿಟ್ಟದ್ದು.

ಇಷ್ಟು ಕೇಳಿ ಮಕ್ಕಳು ಆರು ದೆವ್ವಗಳಿಗೆ ರಜೆ ಕೊಟ್ಟರು. ಉಳಿದದ್ದು ‘ನಾಳೆ ಬಾ’ ಒಂದೇ.

“ಅದು ಹಿಂದಿ ಸಿನಿಮಾದ್ದಲ್ವಾ ತಾತ?” ಎಂದ ಒಬ್ಬ. 2018ರ ‘ಸ್ತ್ರೀ’ ಚಿತ್ರ ನೋಡಿದ್ದನಂತೆ. ಅಲ್ಲಪ್ಪಾ, ಅದು ನಮ್ಮದೇ. 1990ರ ದಶಕದಲ್ಲಿ ಈ ಸುದ್ದಿ ಊರೂರು ಸುತ್ತಿತ್ತು. ರಾತ್ರಿ ಒಂದು ದೆವ್ವ ಬಂದು, ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ, ತೆರೆದರೆ ಕಥೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೂ ಮತ್ತೆ ಅದೇ ‘ನಾಳೆ ಬಾ’! ಆಗ ನಾನಿದ್ದ ಬೆಂಗಳೂರಿನ ಬಡಾವಣೆಯಲ್ಲಿ ಎಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದ ಈ ಎರಡು ಪದ ನೋಡಿದ್ದೇನೆ. ಗ್ರಾಹಕರೊಬ್ಬರು ನಮ್ಮ ಬ್ಯಾಂಕಿನ ಕೌಂಟರಿನ ಮೇಲೂ ಅದನ್ನೇ ಬರೆಸಿ ಎಂದು ಹಾಸ್ಯ ಮಾಡಿದ್ದರು. ನಾನು ನಕ್ಕರೂ ಅವತ್ತೇ ಅವರ ಕೆಲಸ ಮಾಡಿಕೊಟ್ಟೆ ಅನ್ನಿ.

ಈಗ ಲೆಕ್ಕ ಸುಲಭವಾಯಿತು. ಮೊದಲ 20 ಸೆಕೆಂಡು ಸಾಮಾನ್ಯ ದಿನ: ಹೊಸ ಬಾಡಿಗೆ ಮನೆಗೆ ಬಂದ ಅಮ್ಮ, ಮಗ. ಬಾಗಿಲ ಮೇಲಿನ ಬರಹವನ್ನು ಮಗ ಒದ್ದೆ ಬಟ್ಟೆಯಿಂದ ಒರೆಸುತ್ತಾನೆ. ಮುಂದಿನ 30 ಸೆಕೆಂಡು ಏನೋ ಸರಿಯಿಲ್ಲ: ಹೊರಗಿನಿಂದ ಅಮ್ಮ ಕರೆಯುತ್ತಾಳೆ, ಆದರೆ ಅಮ್ಮ ಒಳಗೆ ಅಡುಗೆಮನೆಯಲ್ಲೇ ಇದ್ದಾಳೆ. ಆಮೇಲೆ 25 ಸೆಕೆಂಡು ಚಕಚಕನೆ ಬದಲಾಗುವ ಚಿತ್ರ: ಚಿಲಕ, ಪಾದ, ಆರುವ ಟಾರ್ಚು. ಕೊನೆಯ 15 ಸೆಕೆಂಡು ನಿಶ್ಶಬ್ದ. ಮೆಲ್ಲಗೆ ಬಾಗಿಲಿನ ಒಳಭಾಗ ಕಾಣುತ್ತದೆ. ಅಲ್ಲಿ ಒಂದೇ ಪದ: ‘ಬಂದೆ.’ ಕೂಡಿದರೆ ಸರಿಯಾಗಿ 90.

ಸಾಮಾನಿಗೆ ಖರ್ಚೇ ಇಲ್ಲ. ಅಜ್ಜಿಯ ಮೊರದಲ್ಲಿ ಅಕ್ಕಿ ಜಾರಿಸಿದರೆ ಮಳೆ. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಮೆಲ್ಲಗೆ ಬಡಿದರೆ ದೆವ್ವದ ಹೆಜ್ಜೆ. ಉಯ್ಯಾಲೆಯ ಕೊಂಡಿಯ ಕಿರ್ರ್ ಸದ್ದು ಪುಕ್ಕಟೆ. ಕೈಯನ್ನು ಟಾರ್ಚಿನ ಹತ್ತಿರ ತಂದಷ್ಟೂ ಗೋಡೆಯ ಮೇಲಿನ ನೆರಳು ದೊಡ್ಡದಾಗುತ್ತದೆ. ಕಿಟಕಿಗೆ ಕಂಬಳಿ ಕಟ್ಟಿದರೆ ಹಗಲೇ ರಾತ್ರಿ, ಆದ್ದರಿಂದ ಕತ್ತಲಲ್ಲಿ ಮಕ್ಕಳು ಓಡಾಡುವ ಅಪಾಯವಿಲ್ಲ. ಮೇಣದ ಬತ್ತಿ, ಬಾವಿಕಟ್ಟೆ, ಮಹಡಿಯ ಅಂಚು, ಈ ಮೂರಕ್ಕೆ ಅಜ್ಜಿ ಮೊದಲೇ ಕೆಂಪು ಶಾಯಿಯಲ್ಲಿ ಗೀಟು ಹಾಕಿದಳು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ತಪ್ಪಿದ್ದು ಒಂದು ಕಿರುಚಾಟದ ವಿಷಯದಲ್ಲಿ.

“ನಟಿಸಿದ್ರೆ ನಿಜವಾದ ಭಯ ಬರಲ್ಲ ತಾತ. ಪುಟ್ಟಿಗೆ ಹೇಳದೆ ಹೆದರಿಸಿ ರೆಕಾರ್ಡ್ ಮಾಡ್ಕೋತೀವಿ” ಎಂದ ಮೊಮ್ಮಗ. ಪುಟ್ಟಿ ಎಂದರೆ ಅವನ ತಂಗಿ, ಆರು ವರ್ಷ, ಒಂದನೇ ತರಗತಿ. ನಾನು ಬೇಡ ಎನ್ನಬೇಕಿತ್ತು. ನಕ್ಕು ಸುಮ್ಮನಾದೆ. ಬಣ್ಣದ ಪೆನ್ಸಿಲ್ ತರಲು ಅವಳನ್ನು ಸಾಮಾನಿನ ಕೋಣೆಗೆ ಕಳಿಸಿದರು, ದೀಪ ಆರಿಸಿದರು, ಮುಖವಾಡ ತೊಟ್ಟವನು ಟ್ರಂಕಿನ ಹಿಂದಿನಿಂದ ಎದ್ದ.

ಕಿರುಚು ಚೆನ್ನಾಗಿಯೇ ಸಿಕ್ಕಿತು. ಆದರೆ ಮೂರು ರಾತ್ರಿ ಪುಟ್ಟಿ ದೀಪ ಆರಿಸಲು ಬಿಡಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಅಜ್ಜಿಯ ಸೆರಗು ಬಿಡಲಿಲ್ಲ.

ನಾಲ್ಕನೆಯ ದಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಯಾರಿಗೂ ಹೇಳದ ಒಂದು ಸಂಗತಿ ಹೇಳಿದೆ. ನನಗೆ ಎಂಟು ವರ್ಷವಾಗಿದ್ದಾಗ ದೊಡ್ಡಪ್ಪನ ಮಗ ಕೊಟ್ಟಿಗೆಯಲ್ಲಿ ಕಂಬಳಿ ಹೊದ್ದು ನನ್ನನ್ನು ಹೆದರಿಸಿದ್ದ. ಮನೆಮಂದಿಯೆಲ್ಲ ನಕ್ಕರು, ಅವರ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ನನ್ನ ಪಾಲಿಗೆ ಮುಗಿಯಲಿಲ್ಲ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ, ಇಪ್ಪತ್ತೆರಡು ವರ್ಷದ ಬಿ.ಕಾಂ. ಪದವೀಧರ ನಾನು, ಹಳೇ ಲೆಡ್ಜರ್ ತರಲು ರೆಕಾರ್ಡ್ ರೂಮಿಗೆ ಹೋಗಬೇಕಾದಾಗ ಹೊಸ್ತಿಲಲ್ಲೇ ಕಾಲು ಕಟ್ಟಿದಂತಾಗಿ ನಿಂತುಬಿಟ್ಟೆ. ಅದನ್ನು ನೋಡಿದ ವಯಸ್ಸಾದ ಅಟೆಂಡರ್ ನಗಲಿಲ್ಲ. ಟಾರ್ಚು ತಂದು “ಬನ್ನಿ ಸ್ವಾಮಿ” ಎಂದು ಒಳಗೆ ಕರೆದೊಯ್ದರು. ಸರಸರ ಎನ್ನುವುದು ಗಾಳಿಗೆ ಅಲುಗುವ ಕಾಗದದ ಕಟ್ಟು, ಟಕಟಕ ಎನ್ನುವುದು ಸಡಿಲವಾದ ಕಿಟಕಿಯ ಕೊಕ್ಕೆ ಎಂದು ಒಂದೊಂದನ್ನೇ ಮುಟ್ಟಿಸಿ ತೋರಿಸಿದರು. ಮರುದಿನ ಒಬ್ಬನೇ ಹೋದೆ.

ಮೊಮ್ಮಗ ತಲೆ ತಗ್ಗಿಸಿದ. ಆ ರೆಕಾರ್ಡಿಂಗನ್ನು ನಮ್ಮೆದುರೇ ಅಳಿಸಿಹಾಕಿದ. ಆಮೇಲೆ ಪುಟ್ಟಿಯ ಹತ್ತಿರ ಹೋಗಿ, “ತಪ್ಪಾಯ್ತು ಕಣೇ. ಬಾ, ದೆವ್ವ ಹೇಗೆ ಮಾಡಿದ್ವಿ ತೋರಿಸ್ತೀನಿ” ಎಂದ. ಬಾಗಿಲು, ಕಿಟಕಿ ಎಲ್ಲ ತೆರೆದು, ನಡುಹಗಲಲ್ಲಿ. ಅವಳು ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದಳು, ಯಾರೂ ಅವಸರ ಮಾಡಲಿಲ್ಲ. ಕೊನೆಗೆ ರಟ್ಟಿನ ಮುಖವಾಡವನ್ನು ಒಂದು ಬೆರಳಿನಿಂದ ಮುಟ್ಟಿದಳು. ತಿರುಗಿಸಿ ಹಿಂಭಾಗದಲ್ಲಿದ್ದ ಬಿಸ್ಕತ್ತಿನ ಹೆಸರು ಓದಿದಳು. ಅದನ್ನು ನನ್ನ ಮುಖಕ್ಕೆ ಕಟ್ಟಿ ನಕ್ಕಳು.

ಅಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಕ್ಕಳೇ ಒಂದು ನಿಯಮ ಬರೆದರು: ‘ನೋಡುವವರಿಗೆ ಕಡಿಮೆ ತೋರಿಸು, ನಟಿಸುವವರಿಗೆ ಎಲ್ಲವನ್ನೂ ತೋರಿಸು.’ ಆರನೆಯ ಕಲಮೂ ಬಂತು: ‘ಯಾರಿಗೆ ಹೇಳಿದ್ದೇವೆ?’ ಆ ದೃಶ್ಯದಲ್ಲಿರುವ ಪ್ರತಿಯೊಬ್ಬರೂ ಅಲ್ಲಿ ಸಹಿ ಹಾಕಬೇಕು. ಸಹಿಯಿಲ್ಲದ ವೋಚರು ಪಾಸಾಗದು.

ಉಳಿದದ್ದು ಬಾಗಿಲಿನ ಒಳಗಿನ ‘ಬಂದೆ.’ ಐವರೂ ಬರೆದು ನೋಡಿದರು. ಎಲ್ಲರ ಅಕ್ಷರವೂ ಮುದ್ದಾಗಿತ್ತು, ಭಯವೇ ಆಗಲಿಲ್ಲ. “ನಾನು ಬರೀಲಾ?” ಎಂದು ಪುಟ್ಟಿ ಸೀಮೆಸುಣ್ಣ ತೆಗೆದುಕೊಂಡಳು. ಈಗಷ್ಟೇ ಅಕ್ಷರ ಕಲಿತ ಕೈ. ‘ಬ’ ಒಂದು ಕಡೆ ವಾಲಿತು, ಸೊನ್ನೆ ‘ಬ’ಗಿಂತ ದೊಡ್ಡದಾಯಿತು, ‘ದೆ’ ಬಾಗಿಲ ಅಂಚಿಗೆ ಜಾರಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೂ ಮೈ ಜುಮ್ಮೆಂದಿತು.

“ಇದೇ, ಇದೇ!” ಎಂದು ಎದುರುಮನೆ ಹುಡುಗ ಕುಣಿದ. ಪುಟ್ಟಿ ಆರನೆಯ ಕಲಮಿನಲ್ಲಿ ಸಹಿ ಹಾಕಿ ಚಕ್ಕುಲಿ ತಿನ್ನಲು ಹೋದಳು.

ಚಿತ್ರೀಕರಣ ಬರುವ ಭಾನುವಾರ. ಬಹುಮಾನ ಬರುತ್ತದೋ ಇಲ್ಲವೋ, ಕಾದು ನೋಡೋಣ. ನಿನ್ನೆ ರಾತ್ರಿ ಪುಟ್ಟಿ ಕೋಣೆಯ ದೀಪ ಆರಿಸಬಹುದು ಎಂದಳು. ನಡುಮನೆಯ ಚಿಕ್ಕ ದೀಪ ಮಾತ್ರ ಇರಲಿ ಎಂದಳು. ಇರಲಿ, ಅದಕ್ಕೇನು ಅವಸರ?