ಲಕ್ವ ಹೊಡೆದವರ ಬಿಪಿಗೆ ಕಾರಣ ಕೇಳುವವರು ಯಾರು?

ಮಾಗಡಿ, ಬಿಡದಿ, ರಾಮನಗರ, ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಗಾಡಿ ಹಿಡಿಯುವ ದಾರಿ ಹೆಚ್ಚಾಗಿ ಎರಡೇ. ಒಂದು ಮಾಗಡಿ ರಸ್ತೆ, ಇನ್ನೊಂದು ಮೈಸೂರು ರಸ್ತೆ. ಹೋಗಿ ಸೇರುವುದು ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಯಾವುದೋ ಒಂದು ಆಸ್ಪತ್ರೆಗೆ. ಒಡವೆ ಅಡ ಇಟ್ಟು, ಸಂಘದಲ್ಲಿ ಸಾಲ ಎತ್ತಿ ಬಿಲ್ ಕಟ್ಟುತ್ತೇವೆ. ಒಂದು ಕೈ ಬಿದ್ದುಹೋದ ಮನುಷ್ಯನ ಜೊತೆ ಒಂದು ದಪ್ಪ ಫೈಲೂ ಮನೆಗೆ ಬರುತ್ತದೆ.

ಆ ಫೈಲು ಒಮ್ಮೆ ತೆಗೆದು ನೋಡಿ. ತಲೆ ಸ್ಕ್ಯಾನಿನ ವರದಿ ಇರುತ್ತದೆ, ಸಕ್ಕರೆ, ಕೊಬ್ಬು, ಇಸಿಜಿ ಎಲ್ಲಾ ಇರುತ್ತದೆ. ಲಕ್ವಕ್ಕೆ ಕಾರಣ ಬಿಪಿ ಎಂದು ಬರೆದಿರುತ್ತಾರೆ. ಸರಿ, ಬಿಪಿಗೆ ಏನು ಕಾರಣ? ನಾವು ಊರೂರು ತಿರುಗಿ ನೋಡಿದ ಫೈಲುಗಳಲ್ಲಿ ಈ ಪ್ರಶ್ನೆಗೆ ಒಂದು ಸಾಲೂ ಸಿಗಲಿಲ್ಲ. ಬಾಯಿಬಿಟ್ಟು ಕೇಳಿದವರಿಗೆ ಸಿಕ್ಕ ಉತ್ತರ ಮಾತ್ರ ಎಲ್ಲಾ ಕಡೆ ಒಂದೇ: ವಯಸ್ಸಾಯ್ತಲ್ಲ, ಟೆನ್ಷನ್ ಮಾಡ್ಕೋಬೇಡಿ, ಉಪ್ಪು ಕಮ್ಮಿ ಮಾಡಿ. ಮೂವತ್ತೆಂಟು ವರ್ಷದ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ‘ವಯಸ್ಸಾಯ್ತು’ ಅಂದರೆ ಏನು ಹೇಳೋಣ?

ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗೋಣ. ಬಿಪಿ ಇರುವ ಹೆಚ್ಚಿನ ಜನರಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಉಪ್ಪು, ತೂಕ, ಬೀಡಿ, ಕುಡಿತ, ವಂಶ ಎಲ್ಲಾ ಸೇರಿರುತ್ತದೆ. ಆದರೆ ಬಿಪಿ ಇರುವ ನೂರು ಜನರಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಕಾರಣ ಖಚಿತವಾಗಿ ಒಂದು ಹಾರ್ಮೋನು. ಅದರ ಹೆಸರು ಆಲ್ಡೋಸ್ಟೆರಾನ್. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಬಗ್ಗದವರಲ್ಲಿ ಈ ಲೆಕ್ಕ ನೂರಕ್ಕೆ ಇಪ್ಪತ್ತರ ಹತ್ತಿರ ಹೋಗುತ್ತದೆ. ಇದೇನೂ ಸಣ್ಣ ಲೆಕ್ಕವಲ್ಲ.

ನಮ್ಮ ಎರಡೂ ಕಿಡ್ನಿಗಳ ತಲೆಯ ಮೇಲೆ ಟೋಪಿಯ ಹಾಗೆ ಒಂದೊಂದು ಪುಟ್ಟ ಗ್ರಂಥಿ ಕೂತಿದೆ, ಅಡ್ರಿನಲ್ ಅಂತ. ಅದು ಸುರಿಸುವ ಆಲ್ಡೋಸ್ಟೆರಾನಿನ ಕೆಲಸ ಮೈಯಲ್ಲಿ ಉಪ್ಪನ್ನು ಹಿಡಿದಿಡುವುದು. ಬಿಸಿಲಲ್ಲಿ ದುಡಿದು ಬೆವರು ಸುರಿಸಿದಾಗ, ವಾಂತಿ ಭೇದಿಯಾದಾಗ ನಮ್ಮನ್ನು ಉಳಿಸುವುದೂ ಇದೇ. ಆದರೆ ಗ್ರಂಥಿಯಲ್ಲಿ ಒಂದು ಸಣ್ಣ ಗಂಟಾದರೆ ಅಥವಾ ಎರಡೂ ಗ್ರಂಥಿಗಳು ಹದ ತಪ್ಪಿದರೆ, ಬೇಕಿಲ್ಲದಾಗಲೂ ಹಾರ್ಮೋನು ಹರಿಯುತ್ತಲೇ ಇರುತ್ತದೆ. ತೂಬು ಮುಚ್ಚಲಾಗದ ಕೆರೆಯ ಹಾಗೆ. ಉಪ್ಪು ನಿಲ್ಲುತ್ತದೆ, ಉಪ್ಪಿನ ಜೊತೆ ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಮೂತ್ರದಲ್ಲಿ ಪೊಟ್ಯಾಸಿಯಂ ಸೋರುತ್ತದೆ. ಇಷ್ಟೇ ಆಗಿದ್ದರೆ ಬೇರೆ ಮಾತು. ಈ ಹಾರ್ಮೋನು ರಕ್ತನಾಳವನ್ನೂ ಹೃದಯವನ್ನೂ ನೇರವಾಗಿ ಕೆಡಿಸುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ಲೆಕ್ಕದ ಪ್ರಕಾರ, ಸಾಮಾನ್ಯ ಬಿಪಿ ಇರುವವರಿಗಿಂತ ಇವರಿಗೆ ಲಕ್ವ ಹೊಡೆಯುವ ಸಂಭವ ಸರಿಸುಮಾರು ಎರಡೂವರೆ ಪಟ್ಟು.

ಹಾಗಾದರೆ ಈ ಕಾರಣವನ್ನು ಮೊದಲು ಹುಡುಕಬೇಕಾದದ್ದು ಯಾರಲ್ಲಿ? ಲಕ್ವ ಹೊಡೆದವರಲ್ಲಿ. ಹುಡುಕದೆ ಮನೆಗೆ ಕಳಿಸುವುದೂ ಅವರನ್ನೇ.

ಇದೇನು ನಿನ್ನೆ ಮೊನ್ನೆ ಗೊತ್ತಾದ ವಿಷಯವೂ ಅಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಡಾಕ್ಟರ್ ಜೆರೋಮ್ ಕಾನ್ ಈ ಕಾಯಿಲೆಯನ್ನು ವಿವರಿಸಿದ್ದು 1955ರಲ್ಲಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡುವುದಕ್ಕೂ ಹದಿನೆಂಟು ವರ್ಷ ಮೊದಲು! ಬಿಪಿ ಜೊತೆಗೆ ಮನೆತನದಲ್ಲಿ ನಲವತ್ತರೊಳಗೆ ಯಾರಿಗಾದರೂ ಲಕ್ವ ಹೊಡೆದಿದ್ದರೆ ಈ ಪರೀಕ್ಷೆ ಮಾಡಿ ಎಂದು ಹಾರ್ಮೋನು ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಎಂಡೋಕ್ರೈನ್ ಸೊಸೈಟಿ 2016ರಲ್ಲೇ ಬರೆದಿತ್ತು. 2025ರಲ್ಲಿ ಇನ್ನೂ ಮುಂದೆ ಹೋಗಿ, ಬಿಪಿ ಇರುವ ಎಲ್ಲರಿಗೂ ಮಾಡುವುದು ಒಳ್ಳೆಯದು ಎಂದಿದೆ.

ಪರೀಕ್ಷೆ ಅಂದರೆ ಒಂದು ಬೆಳಗ್ಗೆ ತೋಳಿನಿಂದ ತೆಗೆಯುವ ರಕ್ತ. ಅದರಲ್ಲಿ ಆಲ್ಡೋಸ್ಟೆರಾನ್ ಎಷ್ಟಿದೆ, ಅದಕ್ಕೆ ಅಪ್ಪಣೆ ಕೊಡುವ ರೆನಿನ್ ಎಷ್ಟಿದೆ ಎಂದು ನೋಡಿ ಎರಡನ್ನೂ ಹೋಲಿಸುತ್ತಾರೆ. ಅಪ್ಪಣೆ ಇಲ್ಲದೆಯೇ ಹಾರ್ಮೋನು ಸುರಿಯುತ್ತಿದ್ದರೆ ಅನುಮಾನ ಗಟ್ಟಿ. ಆಮೇಲೆ ಖಚಿತಪಡಿಸುವ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್.

ಡಾಕ್ಟರುಗಳ ವಾದವೂ ನಮಗೆ ಗೊತ್ತು. ‘ಪೊಟ್ಯಾಸಿಯಂ ನಾರ್ಮಲ್ ಇದೆ, ಹಾಗಾಗಿ ಆ ಕಾಯಿಲೆ ಇರಲ್ಲ’ ಅನ್ನುತ್ತಾರೆ. ಈ ಕಾಯಿಲೆ ಇರುವ ಹೆಚ್ಚಿನವರಲ್ಲಿ ಪೊಟ್ಯಾಸಿಯಂ ನಾರ್ಮಲ್ಲೇ ಇರುತ್ತದೆ ಎಂದು ಗೊತ್ತಾಗಿ ಎಷ್ಟೋ ವರ್ಷವಾಯಿತು. ‘ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡಬೇಕು, ಲಕ್ವದ ಪೇಷಂಟಿಗೆ ಅಪಾಯ’ ಅನ್ನುತ್ತಾರೆ. ಅಪಾಯ ನಿಜ. ಅದಕ್ಕೇ, ಮಾತ್ರೆ ನಡೆಯುತ್ತಿರುವಾಗಲೇ ಮೊದಲ ಪರೀಕ್ಷೆ ಮಾಡಿ, ಯಾವ ಮಾತ್ರೆ ಫಲಿತಾಂಶವನ್ನು ಎತ್ತ ಎಳೆಯುತ್ತದೆ ಎಂದು ತಿಳಿದು ಓದಬಹುದು ಎನ್ನುತ್ತದೆ ಈಗಿನ ಪದ್ಧತಿ. ‘ಲಕ್ವ ಹೊಡೆದ ಹೊಸದರಲ್ಲಿ ಹಾರ್ಮೋನು ಏರುಪೇರಾಗಿರುತ್ತೆ’ ಅನ್ನುವುದು ನ್ಯಾಯವಾದ ಮಾತು. ಐಸಿಯುನಲ್ಲೇ ರಕ್ತ ತೆಗೆಯಿರಿ ಎಂದು ನಾವೂ ಹೇಳುತ್ತಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ‘ಕೆಲವು ವಾರದ ನಂತರ ಆಲ್ಡೋಸ್ಟೆರಾನ್–ರೆನಿನ್ ಪರೀಕ್ಷೆ’ ಎಂದು ಒಂದು ಸಾಲು ಬರೆಯಲು ಏನು ಅಡ್ಡಿ?

ದುಡ್ಡಿನ ಮಾತು ಬೇರೆ. ಖಾಸಗಿ ಲ್ಯಾಬಿನಲ್ಲಿ ಇದು ಸಾವಿರಗಳ ಬಾಬ್ತು, ಕೂಲಿಯವರಿಗೆ ಭಾರ. ನಿಜವಾದ ಜಗಳ ಇಲ್ಲಿರುವುದು ಸರ್ಕಾರದ ಜೊತೆ. 2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಶುರುವಾಯಿತು. ಮನೆ ಬಾಗಿಲಿಗೆ ಬಂದು ಬಿಪಿ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಒಳ್ಳೆಯದು, ನಾವೂ ಹೊಗಳಿದ್ದೇವೆ. ಮೂರು ಮಾತ್ರೆಗೂ ಬಗ್ಗದ ಬಿಪಿಯನ್ನು ಆಶಾ ಕಾರ್ಯಕರ್ತೆ ಬರೆದುಕೊಂಡ ಮೇಲೆ ಮುಂದೇನು? ಆ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕು. ರಾಜಾಜಿನಗರದಲ್ಲಿ ಇಎಸ್‌ಐನ ಮೆಡಿಕಲ್ ಕಾಲೇಜು, ಆಸ್ಪತ್ರೆ ಎರಡೂ ಇವೆ. ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರ ಸಂಬಳದಿಂದ ಮುಕ್ಕಾಲು ಪರ್ಸೆಂಟ್ ಇಎಸ್‌ಐಗೆ ಹಿಡಿಯುತ್ತಾರಲ್ಲ, ಪೀಣ್ಯದ, ಬಿಡದಿಯ ಕಾರ್ಖಾನೆಗಳ ನಮ್ಮ ಹುಡುಗ ಹುಡುಗಿಯರು ಆ ದುಡ್ಡಿನ ಹಕ್ಕಿನಿಂದಲೇ ಈ ಪರೀಕ್ಷೆ ಕೇಳಬೇಕು. ಹಾರ್ಮೋನಿಗೆಂದೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯೂ ಬೆಂಗಳೂರಿನಲ್ಲಿದೆ. ಆ ಹೆಸರು ಕೇಳಿದವರು ನಿಮ್ಮೂರಲ್ಲಿ ಎಷ್ಟು ಜನ?

ಕಾರಣ ಸಿಕ್ಕರೆ ಲಾಭ ಏನು ಅಂತೀರಾ? ಒಂದೇ ಕಡೆಯ ಗ್ರಂಥಿಯಲ್ಲಿ ಗಂಟಿದ್ದರೆ ಸಣ್ಣ ತೂತಿನ ಆಪರೇಷನ್ನಿನಲ್ಲಿ ಆ ಗ್ರಂಥಿ ತೆಗೆಯಬಹುದು. ಕೆಲವರಿಗೆ ಬಿಪಿ ಮಾತ್ರೆಯೇ ಬೇಡವಾಗುತ್ತದೆ, ಹಲವರಿಗೆ ಮಾತ್ರೆ ಕಡಿಮೆಯಾಗುತ್ತದೆ. ಎರಡೂ ಕಡೆ ಇದ್ದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆ ಇದೆ. ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಕಂಡಕಂಡಲ್ಲಿ ಕೊಂಡು ನುಂಗುವ ಮಾತ್ರೆಯಲ್ಲ, ಪೊಟ್ಯಾಸಿಯಂ ಏರುತ್ತದೆ, ಕಿಡ್ನಿ ನೋಡುತ್ತಿರಬೇಕು, ಕೆಲವು ಗಂಡಸರಿಗೆ ಎದೆ ಊದುತ್ತದೆ. ಆದರೂ ಒಂದು ಕೈ ಬಿದ್ದವನಿಗೆ ಇನ್ನೊಂದು ಕೈ ಉಳಿಸಿಕೊಡುವ ಮಾತ್ರೆ ಅದು.

ತಪ್ಪೆಲ್ಲಾ ಆಸ್ಪತ್ರೆಯದ್ದು ಎಂದು ಹೇಳಿ ನಾವು ಜಾರಿಕೊಳ್ಳುವ ಹಾಗಿಲ್ಲ. ‘ಅವರ ಮನೇಲಿ ಮೂವತ್ತು ದಾಟಿದರೆ ಲಕ್ವ, ಏನೋ ದೋಷ’ ಎಂದು ಕಟ್ಟೆಯ ಮೇಲೆ ಕೂತು ಮಾತಾಡುವವರು ನಾವೇ. ಅಪರೂಪವಾದರೂ, ಈ ಹಾರ್ಮೋನಿನ ವಂಶಪಾರಂಪರ್ಯ ಬಗೆಯೊಂದಿದೆ. ಅದು ಇರುವ ಮನೆತನಗಳಲ್ಲಿ ಮಕ್ಕಳಿಗೇ ಬಿಪಿ, ಮೂವತ್ತರ ಆಸುಪಾಸಿನಲ್ಲೇ ಮೆದುಳಿನಲ್ಲಿ ರಕ್ತಸ್ರಾವ. ಅದರ ಜೀನನ್ನು 1992ರಲ್ಲೇ ಪತ್ತೆಹಚ್ಚಿದ್ದಾರೆ. ಇದ್ದಕ್ಕಿದ್ದಂತೆ ತಲೆ ಸಿಡಿತ, ಬೆವರು, ಎದೆ ಹೊಡೆತ ಬಂದು ಹೋಗುತ್ತಿದ್ದರೆ ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತೇವೆ. ಅದೇ ಅಡ್ರಿನಲ್ ಗ್ರಂಥಿಯ ಇನ್ನೊಂದು ಬಗೆಯ ಗಂಟಿನ ಲಕ್ಷಣವೂ ಅದೇ. ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದ ಪುಡಿ ತಿನ್ನುತ್ತೇವೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಮುಖ ಚಂದ್ರನ ಹಾಗೆ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆ ಎದ್ದು ಬಿಪಿ ಏರುತ್ತದೆ (ತಿಂಗಳುಗಟ್ಟಲೆ ತಿಂದವರು ದಿಢೀರ್ ನಿಲ್ಲಿಸಬೇಡಿ, ಅದೂ ಅಪಾಯ, ಡಾಕ್ಟರಿಗೆ ಹೇಳಿ). ಕೆಮ್ಮಿಗೆ ಒಳ್ಳೆಯದೆಂದು ದಿನಾ ಅಗಿಯುವ ಜ್ಯೇಷ್ಠಮಧು ಕೂಡ ಅತಿಯಾದರೆ ಮೈಯಲ್ಲಿ ಆಲ್ಡೋಸ್ಟೆರಾನಿನ ಆಟವನ್ನೇ ಆಡುತ್ತದೆ.

ಮನೆಯಲ್ಲಿ ಲಕ್ವದವರಿದ್ದರೆ ಮುಂದಿನ ಸಲ ತೋರಿಸಲು ಹೋಗುವಾಗ ಫೈಲಿನ ಜೊತೆ ಒಂದು ಚೀಟಿಯನ್ನೂ ಇಟ್ಟುಕೊಳ್ಳಿ. ಬಿಪಿ ಮೊದಲು ಕಂಡಾಗ ವಯಸ್ಸೆಷ್ಟು, ಈಗ ಎಷ್ಟು ಬಗೆಯ ಮಾತ್ರೆ, ಕಳೆದ ವಾರ ಬಿಪಿ ಎಷ್ಟಿತ್ತು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಯಾರಿಗೆ ಲಕ್ವ ಹೊಡೆದಿತ್ತು, ನಾಟಿ ಔಷಧಿ ಏನೇನು ತಿಂದಿರಿ, ಎಲ್ಲಾ ಬರೆಯಿರಿ. ಇರುವ ಮಾತ್ರೆ ಒಂದನ್ನೂ ನೀವಾಗಿ ಬಿಡಬೇಡಿ. ಡಾಕ್ಟರ ಮುಂದೆ ಕೂತು ಕೇಳಿ: ‘ಸಾರ್, ಈ ಬಿಪಿ ಹಾರ್ಮೋನಿಂದ ಬಂದಿರಬಹುದಾ? ಆಲ್ಡೋಸ್ಟೆರಾನ್, ರೆನಿನ್ ನೋಡಿದ್ದೀರಾ?’ ಬೇಡ ಅಂದರೆ ಯಾಕೆ ಬೇಡ ಎಂದು ಅದೇ ಫೈಲಿನಲ್ಲಿ ಬರೆದುಕೊಡಲು ಹೇಳಿ.